ಕಾಲೇಜು ನೋಡಲು ಭಾನುವಾರ ಹೋಗಬೇಡಿ

ನಾಲ್ಕು ವರ್ಷದ ಹಿಂದೆ ಮಗನಿಗೆ ಎಂಜಿನಿಯರಿಂಗ್ ಕಾಲೇಜು ನೋಡಲು ನಾವು ಹೋಗಿದ್ದು ಒಂದು ಭಾನುವಾರ. ನನಗೆ ಶಾಲೆ ರಜೆ, ನಮ್ಮ ಮನೆಯವರಿಗೆ ಕೊಬ್ಬರಿ ಮಂಡಿ ರಜೆ, ಎಲ್ಲರೂ ಒಟ್ಟಿಗೆ ಹೋಗಿಬರಬಹುದು ಅನ್ನುವುದೊಂದೇ ಲೆಕ್ಕ. ಬೆಂಗಳೂರಿನ ಹೊರವಲಯದ ಒಂದು ಕಾಲೇಜು. ಗೇಟು ದಾಟುತ್ತಿದ್ದ ಹಾಗೆ ಟೈ ಕಟ್ಟಿದ್ದ ಹುಡುಗನೊಬ್ಬ ಬಂದು ಕರೆದುಕೊಂಡು ಹೋದ. ಕೂರಿಸಿ ತಣ್ಣನೆಯ ಬಾದಾಮಿ ಹಾಲು ಕೊಟ್ಟರು. ಎ.ಸಿ. ಸಭಾಂಗಣ ತೋರಿಸಿದರು, ಗಾಜಿನ ಗೋಡೆಯ ಲೈಬ್ರರಿ ತೋರಿಸಿದರು, ಹಾಸ್ಟೆಲಿನ ಒಂದು ರೂಮು ತೋರಿಸಿದರು. ಎರಡು ಮಂಚ, ಎರಡು ಮೇಜು, ಹೊಸ ಹಾಸಿಗೆ. ಲ್ಯಾಬ್ ನೋಡಬಹುದಾ ಅಂತ ಕೇಳಿದೆ. "ಇವತ್ತು ಭಾನುವಾರ ಅಲ್ವಾ ಮೇಡಂ, ಬೀಗ ಹಾಕಿರ್ತಾರೆ" ಅಂದ. ಸರಿ ಅಂತ ಬಂದೆವು. ಸಂಜೆಯೊಳಗೆ ಮನಸ್ಸು ಮಾಡಿಬಿಟ್ಟಿದ್ದೆವು.

ಸೇರಿದ ಮೇಲೆ ಗೊತ್ತಾಯಿತು, ಆ ರೂಮು ಬಂದವರಿಗೆ ತೋರಿಸುವುದಕ್ಕೆ ಅಂತಲೇ ಇಟ್ಟಿದ್ದು. ಮಗನಿಗೆ ಸಿಕ್ಕಿದ್ದು ಕಾಲೇಜಿನಿಂದ ಮೂರು ಕಿಲೋಮೀಟರ್ ದೂರದ ಬಾಡಿಗೆ ಕಟ್ಟಡದಲ್ಲಿ, ನಾಲ್ಕು ಜನರ ರೂಮು. ಹಾಸ್ಟೆಲಿಗೆ ಹೋಗುವ ಬಸ್ಸು ಸಂಜೆ ನಾಲ್ಕೂವರೆಗೆ ಹೊರಟುಬಿಡುತ್ತಿತ್ತು. ಹಾಗಾಗಿ ಕ್ಲಾಸ್ ಮುಗಿದ ಮೇಲೆ ಲ್ಯಾಬಿನಲ್ಲಿ ಕೂತು ಏನಾದರೂ ಮಾಡೋಣ ಅಂದರೆ ಆಗುತ್ತಿರಲಿಲ್ಲ. ಮೂರನೇ ಸೆಮಿಸ್ಟರಿನಲ್ಲಿ ಒಂದೇ ವಿಷಯಕ್ಕೆ ಮೂರು ಜನ ಮೇಷ್ಟ್ರು ಬದಲಾದರು. ಅವನು ದೂರು ಹೇಳುವ ಹುಡುಗ ಅಲ್ಲ. ಯುಗಾದಿಗೆ ಬಂದಾಗ, ಅದೂ ಒಂದು ವರ್ಷ ಕಳೆದ ಮೇಲೆ, ಒಬ್ಬಟ್ಟಿನ ತಟ್ಟೆ ಕೈಲಿ ಹಿಡಿದುಕೊಂಡು ಹೇಳಿದ: "ಅಮ್ಮ, ಆವತ್ತು ನಾವು ಒಬ್ಬ ಸ್ಟೂಡೆಂಟ್ ಹತ್ರನೂ ಮಾತಾಡಲಿಲ್ಲ."

ನಾನು ಗಣಿತ ಹೇಳಿಕೊಡುವವಳು. ಇಪ್ಪತ್ತು ವರ್ಷದಿಂದ ಅರಸೀಕೆರೆ ತಾಲೂಕಿನ ಸರ್ಕಾರಿ ಹೈಸ್ಕೂಲುಗಳಲ್ಲಿ ಇದ್ದೇನೆ. ಎಷ್ಟೋ ಮಕ್ಕಳಿಗೆ "ಮುಂದೆ ಏನು ಓದ್ತೀಯ, ಎಲ್ಲಿ ಓದ್ತೀಯ, ವಿಚಾರಿಸ್ಕೊಂಡು ಸೇರು" ಅಂತ ಹೇಳಿ ಕಳಿಸಿದ್ದೇನೆ. ನನ್ನ ಮಗನ ಸರದಿ ಬಂದಾಗ ವಿಚಾರಿಸಿರಲಿಲ್ಲ. ಆ ಮಾತು ಎದೆಯಲ್ಲಿ ಕೂತುಬಿಟ್ಟಿತು. ನಮ್ಮ ಮನೆಯವರು ಹೇಳಿದರು, "ಅಟ್ಟದ ಮೇಲಿನ ತೆಂಗಿನಕಾಯಿನ ಕಿವಿ ಹತ್ರ ಹಿಡಿದು ಅಲ್ಲಾಡಿಸಿ, ಕೊಬ್ಬರಿ ಚಿಪ್ಪು ಬಿಟ್ಟಿದೆಯಾ ಅಂತ ಶಬ್ದ ಕೇಳಿಸ್ಕೊಂಡು ಒಡೀತೀವಿ. ಮಗಳ ಕಾಲೇಜನ್ನ ಈ ಸಲ ಹಾಗೇ ನೋಡೋಣ."

ಹಾಗೇ ನೋಡಿದೆವು. ಕಳೆದ ವರ್ಷ ಮಗಳು ಪುಟ್ಟಿಗೆ ಐದು ಕಾಲೇಜು ನೋಡಿದೆವು. ಅದನ್ನು ಬರೆಯಲು ಕಾರಣ ಇದೆ. ಈಗ ನಮ್ಮ ಬೀದಿಯ ಮೂರು ಮನೆಯ ಮಕ್ಕಳು ಎಂಜಿನಿಯರಿಂಗ್ ಸೇರಲು ಪ್ರವೇಶ ಪರೀಕ್ಷೆ, ಅದೇ ಸಿಇಟಿ, ಬರೆಯುವವರಿದ್ದಾರೆ. ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳುವಾಗ ಏನಾದರೂ ಬಿಟ್ಟುಹೋಗುತ್ತದೆ.

ಮೊದಲನೆಯದು, ಹೋಗುವ ಸಮಯ. ಎಲ್ಲರೂ ರ‍್ಯಾಂಕ್ ಬರಲಿ ಅಂತ ಕಾಯುತ್ತಾರೆ. ರ‍್ಯಾಂಕ್ ಬರುವ ಹೊತ್ತಿಗೆ ಕಾಲೇಜುಗಳಲ್ಲಿ ಸೆಮಿಸ್ಟರ್ ಮುಗಿಯುತ್ತಾ ಬಂದಿರುತ್ತದೆ. ಪರೀಕ್ಷೆ ಇಲ್ಲವೇ ರಜೆ. ಆಗ ಹೋದರೆ ಕಟ್ಟಡ ಕಾಣುತ್ತದೆ, ಕಾಲೇಜು ಕಾಣುವುದಿಲ್ಲ. ನಾವು ಸಿಇಟಿ ಮುಗಿದ ಮರುವಾರವೇ ಹೊರಟೆವು. ನನಗೆ ಬೇಸಿಗೆ ರಜೆ, ಪುಟ್ಟಿಗೆ ಪುಸ್ತಕ ಮುಟ್ಟುವ ಕೆಲಸ ಇಲ್ಲ, ಕಾಲೇಜುಗಳಲ್ಲಿ ತರಗತಿ ಜೋರಾಗಿ ನಡೆಯುತ್ತಿರುತ್ತವೆ. ರ‍್ಯಾಂಕ್ ಇಲ್ಲದೆ ಯಾವ ಕಾಲೇಜು ಅಂತ ನೋಡುವುದು? ಅದಕ್ಕೆ ಒಂದು ಅಂದಾಜು ಸಾಕು. ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿಯ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಅಂಕ ಅರ್ಧ, ಸಿಇಟಿಯ ಅಂಕ ಅರ್ಧ. ಸಿಇಟಿಯಲ್ಲಿ ಒಂದೊಂದು ವಿಷಯಕ್ಕೆ 60ರಂತೆ 180. ಸಿಇಟಿ ನಡೆಸುವ ಕೆಇಎ ಕೀ ಉತ್ತರ ಬಿಟ್ಟ ದಿನ ಪುಟ್ಟಿ ಕೂತು ತಾಳೆ ಹಾಕಿದಳು. ಹಿಂದಿನ ವರ್ಷ ಯಾವ ಕಾಲೇಜಿನ ಯಾವ ಬ್ರಾಂಚು ಯಾವ ರ‍್ಯಾಂಕಿಗೆ ಮುಗಿಯಿತು ಅನ್ನುವ ಕಟಾಫ್ ಪಟ್ಟಿ ಕೆಇಎ ವೆಬ್‌ಸೈಟಿನಲ್ಲೇ ಇರುತ್ತದೆ. ಅದನ್ನು ನೋಡಿ ಸಿಗಬಹುದಾದ್ದು ಎರಡು, ಸಿಕ್ಕರೂ ಸಿಗಬಹುದು ಅನ್ನುವಂಥದ್ದು ಎರಡು, ಖಂಡಿತ ಸಿಗುವುದು ಒಂದು ಅಂತ ಆರಿಸಿಕೊಂಡೆವು. ಅವಳಿಗೆ ಎಲೆಕ್ಟ್ರಾನಿಕ್ಸ್ ಬೇಕಿತ್ತು.

ಮೊದಲು ಹೋಗಿದ್ದು ಹಾಸನದ ಮಲೆನಾಡು ಎಂಜಿನಿಯರಿಂಗ್ ಕಾಲೇಜಿಗೆ. 1960ರ ಕಾಲೇಜು, ಸಾಲಗಾಮೆ ರಸ್ತೆಯಲ್ಲಿದೆ. ನಮ್ಮ ಕಡೆಯ ಎಷ್ಟೋ ಮನೆಗಳ ಮೊದಲ ಎಂಜಿನಿಯರ್ ಓದಿದ್ದು ಅಲ್ಲೇ. ಹಿಂದಿನ ದಿನ ಆಫೀಸಿಗೆ ಫೋನ್ ಮಾಡಿ, ಮಗಳಿಗೆ ಡಿಪಾರ್ಟ್‌ಮೆಂಟ್ ತೋರಿಸಬೇಕು, ಯಾವಾಗ ಬರಬಹುದು ಅಂತ ಕೇಳಿಕೊಂಡಿದ್ದೆ. ಹೀಗೆ ಕೇಳುವುದಕ್ಕೆ ಸಂಕೋಚ ಬೇಡ. ಬೆಳಗ್ಗೆ ಕೆಂಪು ಬಸ್ಸು ಹತ್ತಿ, ಇಬ್ಬರೂ ಆಧಾರ್ ತೋರಿಸಿ, ಶಕ್ತಿ ಯೋಜನೆಯ ಶೂನ್ಯ ಟಿಕೆಟ್ ತಗೊಂಡು ಹೋದೆವು. ಐದು ಕಾಲೇಜು ಸುತ್ತುವಷ್ಟು ಬಸ್ ಚಾರ್ಜು ಎಲ್ಲಿಂದ ಅನ್ನುವ ತಾಯಂದಿರಿಗೆ ಇದನ್ನು ಮುಖ್ಯವಾಗಿ ಹೇಳುತ್ತೇನೆ. ಕೆಂಪು ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ದಾರಿ ಖರ್ಚಿಲ್ಲ, ತಿಂಡಿ ಬುತ್ತಿ ಕಟ್ಟಿಕೊಂಡರೆ ಆಯಿತು.

ವಿಭಾಗದ ಮುಖ್ಯಸ್ಥರು ಕ್ಲಾಸಿನಲ್ಲಿದ್ದರು. ಕಾಯಿರಿ ಅಂದರು. ಎದುರಿಗೆ ನೋಟಿಸ್ ಬೋರ್ಡು. ಸುಮ್ನೆ ಕೂರುವುದು ಯಾಕೆ ಅಂತ ಇಬ್ಬರೂ ಎದ್ದು ಓದಿದೆವು. ಓದುತ್ತಾ ಓದುತ್ತಾ ನನಗೆ ಅನ್ನಿಸಿತು, ಇದು ಕಾಲೇಜಿನ ದಿನಚರಿ ಪುಸ್ತಕ. ಇಂಟರ್ನಲ್ ಟೆಸ್ಟಿನ ವೇಳಾಪಟ್ಟಿ. ಹಾಜರಾತಿ ಕಡಿಮೆ ಇರುವವರ ನೋಂದಣಿ ಸಂಖ್ಯೆಯ ಪಟ್ಟಿ. ಪ್ರಾಜೆಕ್ಟ್ ಪ್ರದರ್ಶನಕ್ಕೆ ಹೆಸರು ಕೊಡಿ ಅನ್ನುವ ಚೀಟಿ. ಯಾರದೋ ಕಳೆದುಹೋದ ಕ್ಯಾಲ್ಕುಲೇಟರ್, ಸಿಕ್ಕವರು ಆಫೀಸಿಗೆ ಕೊಡಿ. ಎಲ್ಲದರ ಕೆಳಗೂ ಆ ತಿಂಗಳ ತಾರೀಕು. ಆಮೇಲೆ ಹೋದ ಕಡೆಯೆಲ್ಲ ನಾವು ಮೊದಲು ನೋಡುತ್ತಿದ್ದುದು ನೋಟಿಸ್ ಬೋರ್ಡಿನ ತಾರೀಕು. ಹೆಸರು ಹೇಳುವುದು ಬೇಡ, ಒಂದು ಕಡೆ ಬೋರ್ಡಿನ ಗಾಜಿನೊಳಗೆ ಎರಡು ವರ್ಷ ಹಳೆಯ ಸುತ್ತೋಲೆ ಹಳದಿ ತಿರುಗಿ ನೇತಾಡುತ್ತಿತ್ತು. ಅದರ ಪಕ್ಕ ಕೆಲಸ ಸಿಕ್ಕವರ ಫೋಟೋ ಇರುವ ದೊಡ್ಡ ಫ್ಲೆಕ್ಸು ಮಾತ್ರ ಹೊಸದು.

ಹಾಸನದಲ್ಲಿ ಲ್ಯಾಬಿನ ಬಾಗಿಲಲ್ಲಿ ನಿಂತು ನೋಡಲು ಬಿಟ್ಟರು. ಹುಡುಗ ಹುಡುಗಿಯರು ಬೆಂಚಿಗೆ ಇಬ್ಬರು ಮೂವರಂತೆ ನಿಂತಿದ್ದರು. ನಮಗೆ ಹತ್ತಿರದ ಬೆಂಚಿನ ಹುಡುಗಿಯ ಸರ್ಕಿಟ್ ನಡೆಯುತ್ತಿರಲಿಲ್ಲ. ಆಸಿಲೋಸ್ಕೋಪಿನ ಪರದೆಯಲ್ಲಿ ಬರೀ ಒಂದು ನೇರ ಗೆರೆ. ಅವಳು ವೈರು ಕೀಳುತ್ತಾಳೆ, ಸಿಕ್ಕಿಸುತ್ತಾಳೆ, ಮತ್ತೆ ಅದೇ ಗೆರೆ. ಮೇಡಂ ಬಂದರು. ಕೈ ಹಾಕಲಿಲ್ಲ. "ಗ್ರೌಂಡ್ ಎಲ್ಲಿ ಕೊಟ್ಟಿದ್ದೀಯ ತೋರಿಸು" ಅಂದರು. ಹುಡುಗಿ ಬೆರಳಿಟ್ಟು ತೋರಿಸಲು ಹೋಗಿ ಅರ್ಧಕ್ಕೆ ನಿಂತಳು. ಒಂದು ಕಪ್ಪು ವೈರು ಕಿತ್ತು ಪಕ್ಕದ ಸಾಲಿಗೆ ಸಿಕ್ಕಿಸಿದಳು. ಪರದೆಯ ಮೇಲೆ ಅಲೆ ಎದ್ದಿತು, ಚೊಕ್ಕವಾಗಿ, ಒಂದೇ ಸಮನೆ. ಮೇಡಂ ಆಗಲೇ ಮುಂದಿನ ಬೆಂಚಿಗೆ ಹೋಗಿದ್ದರು. ಪುಟ್ಟಿ ಇಪ್ಪತ್ತು ನಿಮಿಷ ಅಲ್ಲಿಂದ ಕದಲಲಿಲ್ಲ. ಪ್ರಾಸ್ಪೆಕ್ಟಸ್‌ನಲ್ಲಿ ಲ್ಯಾಬಿನ ಫೋಟೋ ಎಲ್ಲ ಕಾಲೇಜಿನವರೂ ಹಾಕುತ್ತಾರೆ. ಆ ಕಪ್ಪು ವೈರು ಫೋಟೋದಲ್ಲಿ ಬರುವುದಿಲ್ಲ.

ಆವತ್ತು ನಾನು ಒಂದು ತಪ್ಪು ಮಾಡಿದೆ. ಎಲ್ಲ ಪ್ರಶ್ನೆಯನ್ನೂ ನಾನೇ ಕೇಳಿದೆ. ಮೇಷ್ಟ್ರ ಅಭ್ಯಾಸ, ಮಕ್ಕಳ ಪರವಾಗಿ ಮಾತಾಡಿಬಿಡುತ್ತೇವೆ. ವಾಪಸ್ ಬಸ್ಸಿನಲ್ಲಿ ಪುಟ್ಟಿ ಕಿಟಕಿ ಕಡೆ ಮುಖ ಮಾಡಿಕೊಂಡೇ ಹೇಳಿದಳು: "ಅಮ್ಮ, ನಾಲ್ಕು ವರ್ಷ ಓದೋಳು ನಾನಲ್ವಾ?" ನನಗೆ ಉತ್ತರ ಹೊಳೆಯಲಿಲ್ಲ. ಅವಳ ಮಾತು ಸರಿ. ಅಲ್ಲಿಂದ ಮುಂದೆ ನಾನು ಕ್ಯಾಂಟೀನಿನಲ್ಲಿ ಕೂರುವುದು, ಅವಳು ಒಳಗೆ ಹೋಗಿ ಬರುವುದು ಅಂತ ಮಾಡಿಕೊಂಡೆವು. ಫೀಸು, ಹಾಸ್ಟೆಲ್, ಆಫೀಸಿನ ವಿಷಯ ನನ್ನದು. ಕ್ಲಾಸು, ಲ್ಯಾಬು, ಸ್ಟೂಡೆಂಟ್ಸು ಅವಳದು.

ಮೈಸೂರಿಗೆ ರೈಲಿನಲ್ಲಿ ಹೋದೆವು. ಹಾಸನ, ಹೊಳೆನರಸೀಪುರ, ಕೆ.ಆರ್. ನಗರದ ಮೇಲೆ ಹೋಗುವ ದಾರಿ. ಮಾನಂದವಾಡಿ ರಸ್ತೆಯ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಎಂಜಿನಿಯರಿಂಗ್, ಅದೇ ಎನ್‌ಐಇ 1946ರಲ್ಲಿ ಶುರುವಾದದ್ದು, ದೇಶಕ್ಕೆ ಸ್ವಾತಂತ್ರ್ಯ ಬರುವುದಕ್ಕಿಂತ ಹಿಂದಿನ ಕಾಲೇಜು. ನಾನು ಹೊರಗೆ ಕೂತೆ. ಒಂದೂವರೆ ಗಂಟೆ ಕಳೆಯಿತು. ಬರಲಿಲ್ಲ. ಫೋನ್ ಮಾಡೋಣ ಅಂತ ಕೈಗೆತ್ತಿಕೊಂಡು ಮತ್ತೆ ಇಟ್ಟೆ. ಬಂದಾಗ ಮುಖ ಬೇರೆ ಥರ ಇತ್ತು.

ಪುಟ್ಟಿ ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ, ನನ್ನದೇ ಶಾಲೆ. ಪಿಯುಸಿ ಮೊದಲ ವರ್ಷ ಕ್ಲಾಸಿನಲ್ಲಿ ಕೈ ಎತ್ತಲು ಹೆದರಿದ್ದು ನನಗೆ ಗೊತ್ತು. ಎಂಜಿನಿಯರಿಂಗಿನಲ್ಲಿ ಹೇಗೋ ಏನೋ ಅನ್ನುವ ಭಯ ಅವಳಿಗೆ ಇತ್ತು. ಬಾಯಿಬಿಟ್ಟು ಹೇಳಿರಲಿಲ್ಲ. ಒಳಗೆ ಅವಳಿಗೆ ಸಿಕ್ಕಿದ್ದು ಕಲಬುರಗಿ ಕಡೆಯ ಒಬ್ಬ ಹುಡುಗಿ, ಎರಡನೇ ವರ್ಷ. ಅವಳೂ ಕನ್ನಡ ಮಾಧ್ಯಮದವಳೇ. ಮೊದಲ ಸೆಮಿಸ್ಟರಿನಲ್ಲಿ ನೋಟ್ಸ್ ಬರೆದುಕೊಳ್ಳಲು ಆಗದೆ ರಾತ್ರಿ ಅತ್ತಿದ್ದು, ಆಮೇಲೆ ಪಕ್ಕದ ರೂಮಿನವರ ಜೊತೆ ಕೂತು ಓದಿದ್ದು, ಮೊದಲ ಟೆಸ್ಟಿನಲ್ಲಿ ಎಷ್ಟು ಬಂತು, ಮೂರನೇ ಟೆಸ್ಟಿಗೆ ಎಷ್ಟಾಯಿತು, ಎಲ್ಲ ಹೇಳಿದಳಂತೆ. "ಲ್ಯಾಬಲ್ಲಿ ಕನ್ನಡದಾಗೇ ಕೇಳು, ನಾಚ್ಕೋಬ್ಯಾಡ" ಅಂದಳಂತೆ. ತನ್ನ ಮೊದಲ ವರ್ಷದ ನೋಟ್‌ಬುಕ್ಕಿನ ಫೋಟೋ ತೆಗೆದುಕೊಳ್ಳಲು ಬಿಟ್ಟಿದ್ದಳು. ಅಂಚಿನಲ್ಲೆಲ್ಲ ಪೆನ್ಸಿಲಿನಲ್ಲಿ ಕನ್ನಡ ಅರ್ಥ. ಆ ಹುಡುಗಿಯನ್ನು ನಾನು ನೋಡಲೂ ಇಲ್ಲ. ಅವಳ ತಾಯಿಗೆ ಒಳ್ಳೆಯದಾಗಲಿ ಅಂತ ರೈಲಿನಲ್ಲಿ ಮನಸ್ಸಿನಲ್ಲೇ ಅಂದುಕೊಂಡೆ. ನಾನು ಪಕ್ಕದಲ್ಲಿ ನಿಂತಿದ್ದರೆ ಆ ಮಾತು ಹುಟ್ಟುತ್ತಲೇ ಇರಲಿಲ್ಲ.

ಪ್ರಶ್ನೆ ಕೇಳುವುದರಲ್ಲೂ ಪುಟ್ಟಿ ಒಂದು ಉಪಾಯ ಕಂಡುಕೊಂಡಳು. "ಕಾಲೇಜು ಹೇಗಿದೆ ಅಕ್ಕ?" ಅಂದರೆ ಎಲ್ಲರೂ "ಚೆನ್ನಾಗಿದೆ" ಅನ್ನುತ್ತಾರೆ. ಅಲ್ಲಿಗೆ ಮಾತು ಮುಗಿಯಿತು. "ನಿನ್ನೆ ಎಷ್ಟು ಕ್ಲಾಸ್ ನಡೀತು?" ಅಂತ ಕೇಳಿದರೆ ಬೆರಳು ಮಡಿಚಿ ಲೆಕ್ಕ ಹೇಳುತ್ತಾರೆ. ಕ್ಲಾಸ್ ಮುಗಿದ ಮೇಲೆ ಲ್ಯಾಬ್ ಕೀ ಯಾರ ಹತ್ತಿರ ಇರುತ್ತದೆ? ಈ ವರ್ಷ ಯಾವ ಮೇಷ್ಟ್ರು ಬಿಟ್ಟುಹೋದರು? ಜ್ವರ ಬಂದಾಗ ಯಾರು ಆಸ್ಪತ್ರೆಗೆ ಕರೆದುಕೊಂಡು ಹೋದರು? ಲೈಬ್ರರಿ ಎಷ್ಟು ಗಂಟೆವರೆಗೆ? ಇಂಥ ಪ್ರಶ್ನೆಗೆ ಹೊಗಳಿಕೆಯ ಉತ್ತರ ಇರುವುದಿಲ್ಲ. ನಡೆದದ್ದನ್ನೇ ಹೇಳಬೇಕಾಗುತ್ತದೆ.

ಕೆಲಸ ಸಿಗುವ ವಿಷಯ ನಾನೇ ಕೇಳುತ್ತಿದ್ದೆ. ಅತಿ ದೊಡ್ಡ ಪ್ಯಾಕೇಜು ಎಷ್ಟು ಅನ್ನುವುದು ಒಬ್ಬ ಹುಡುಗನ ಕಥೆ. ನನಗೆ ಬೇಕಿದ್ದುದು ಉಳಿದವರದು. ಎಲೆಕ್ಟ್ರಾನಿಕ್ಸಿನಲ್ಲಿ ಎಷ್ಟು ಜನ ಓದಿ ಮುಗಿಸಿದರು, ಅದರಲ್ಲಿ ಎಷ್ಟು ಜನಕ್ಕೆ ಕೆಲಸ ಸಿಕ್ಕಿತು, ಸಾಲಾಗಿ ನಿಲ್ಲಿಸಿದರೆ ನಡುವಿನವರ ಸಂಬಳ ಎಷ್ಟು. ನನ್ನ ಹೈಸ್ಕೂಲು ಮಕ್ಕಳಿಗೆ ಕಲಿಸುವ ಮಧ್ಯಾಂಕವೇ ಅದು. ಕಾಲೇಜುಗಳಿಗೆ ರ‍್ಯಾಂಕ್ ಕೊಡುವ ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್‌ಗೆ ಮಾಹಿತಿ ಕೊಡುವ ಕಾಲೇಜುಗಳ ಪಟ್ಟಿಯಲ್ಲಿ ಇಡೀ ಕಾಲೇಜಿನ ಲೆಕ್ಕದಲ್ಲಿ ಈ ಅಂಕಿ ಸಿಗುತ್ತದೆ, ಮನೆಯಲ್ಲೇ ನೋಡಿಕೊಂಡು ಹೋಗಬಹುದು. ಮತ್ತೊಂದು, ಗುಣಮಟ್ಟ ನೋಡಿ ನ್ಯಾಕ್ ಸಂಸ್ಥೆ ಕೊಡುವ ಮಾನ್ಯತೆ ಇಡೀ ಕಾಲೇಜಿಗೆ. ಎನ್‌ಬಿಎ ಮಾನ್ಯತೆ ಒಂದೊಂದು ಬ್ರಾಂಚಿಗೆ ಬೇರೆ ಬೇರೆ. ಗೇಟಿನ ಮೇಲೆ ಎನ್‌ಬಿಎ ಅಂತ ಬರೆದಿದ್ದರೆ, ಮಗು ಸೇರುವ ಬ್ರಾಂಚಿಗೆ ಇದೆಯಾ, ಯಾವ ವರ್ಷದವರೆಗೆ ಇದೆ ಅಂತ ಕೇಳಬೇಕು. ಅಟಾನಮಸ್ ಅಂದರೆ ಸಿಲಬಸ್ಸು, ಪರೀಕ್ಷೆ ಕಾಲೇಜಿನವರದೇ, ಪದವಿ ಮಾತ್ರ ಬೆಳಗಾವಿಯ ತಾಂತ್ರಿಕ ವಿಶ್ವವಿದ್ಯಾಲಯ, ಅದೇ ವಿಟಿಯು, ಕೊಡುತ್ತದೆ. ಇವೆಲ್ಲ ಕಾಗದದ ಮೇಲೆ ಸಿಗುವ ವಿಷಯ. ಕಾಗದದಲ್ಲಿ ಸಿಗುವುದನ್ನು ಕೇಳುತ್ತಾ ಕಾಲೇಜಿನಲ್ಲಿ ಹೊತ್ತು ಕಳೆಯಬಾರದು.

ತುಮಕೂರಿನ ಸಿದ್ಧಗಂಗಾ ತಾಂತ್ರಿಕ ಮಹಾವಿದ್ಯಾಲಯಕ್ಕೆ, ಅದೇ 1963ರ ಎಸ್‌ಐಟಿಗೆ, ಹೋದಾಗ ನಾವು ಕಾಲೇಜಿನ ಜೊತೆಗೆ ರೈಲನ್ನೂ ಪರೀಕ್ಷೆ ಮಾಡಿದೆವು. ಅರಸೀಕೆರೆ ಜಂಕ್ಷನ್ ಇರುವುದರಿಂದ, ಮನೆಯಿಂದಲೇ ದಿನಾ ಓಡಾಡಿದರೆ ಹಾಸ್ಟೆಲ್ ದುಡ್ಡು ಉಳಿಯುತ್ತದೆ ಅನ್ನುವುದು ಮನೆಯವರ ಆಸೆ. ಸರಿ, ಕಾಲೇಜಿಗೆ ಹೋಗುವವರು ಹತ್ತುವ ಬೆಳಗಿನ ರೈಲನ್ನೇ ಹತ್ತಿದೆವು. ತಿಪಟೂರಿನಲ್ಲಿ ಜನ ತುಂಬಿಕೊಂಡರು. ಕಾಲೇಜು ನೋಡಿಕೊಂಡು, ಮಧ್ಯಾಹ್ನವೇ ಬರದೆ, ಕ್ಲಾಸ್ ಬಿಟ್ಟ ಮಕ್ಕಳ ಜೊತೆಗೇ ಸ್ಟೇಷನ್ನಿಗೆ ಬಂದು ಸಂಜೆಯ ರೈಲು ಹಿಡಿದೆವು. ಗುಬ್ಬಿ ದಾಟುವವರೆಗೂ ನಿಂತೇ ಬಂದೆವು. ಮನೆ ಮುಟ್ಟಿದಾಗ ಕತ್ತಲಾಗಿತ್ತು. ಪುಟ್ಟಿ ಚಪ್ಪಲಿ ಬಿಟ್ಟವಳೇ ನಡುಮನೆಯ ನೆಲದ ಮೇಲೆ ಮಲಗಿಬಿಟ್ಟಳು, ಊಟಕ್ಕೂ ಏಳಲಿಲ್ಲ. ವಿಟಿಯು ಲೆಕ್ಕದಲ್ಲಿ ಶೇಕಡಾ 85 ಹಾಜರಾತಿ ಬೇಕು. ಎಂಟು ಸೆಮಿಸ್ಟರ್ ಹೀಗೆ ಓಡಾಡಿ ಇವಳು ಓದುವುದು ಯಾವಾಗ? ಮನೆಯವರು ಅವಳು ಮಲಗಿದ್ದನ್ನು ನೋಡಿ, "ತುಮಕೂರಾದರೆ ಹಾಸ್ಟೆಲ್ಲೇ" ಅಂದರು. ನಾನು ಹೇಳಿದ್ದರೆ ಒಂದು ವಾರ ವಾದ ನಡೆಯುತ್ತಿತ್ತು.

ಬೆಂಗಳೂರಿನ ಯುವಿಸಿಇ, ಅಂದರೆ ವಿಶ್ವೇಶ್ವರಯ್ಯ ಎಂಜಿನಿಯರಿಂಗ್ ಕಾಲೇಜು, ನೋಡಲೇಬೇಕು ಅಂತ ನಾನೇ ಹಟ ಹಿಡಿದಿದ್ದೆ. 1917ರಲ್ಲಿ ವಿಶ್ವೇಶ್ವರಯ್ಯನವರು ಶುರುಮಾಡಿಸಿದ ಕಾಲೇಜು. ಈಗ ಅದೇ ಸ್ವಂತ ವಿಶ್ವವಿದ್ಯಾಲಯ. ಮೆಜೆಸ್ಟಿಕ್ಕಿನಿಂದ ಮೆಟ್ರೋದಲ್ಲಿ ಮುಂದಿನ ಸ್ಟೇಷನ್ನೇ, ಇಳಿದು ಸ್ವಲ್ಪ ನಡೆದರೆ ಕೆ.ಆರ್. ಸರ್ಕಲ್. ನನಗೆ ಅಲ್ಲಿ ಕಾಲಿಟ್ಟಾಗ ಮೈ ಜುಮ್ಮೆಂದಿತು. ಸರ್ಕಾರಿ ಫೀಸು ಕಡಿಮೆ ಅನ್ನುವ ಸಂತೋಷ ಬೇರೆ. ಆದರೆ ಬೆಂಗಳೂರಿನಲ್ಲಿ ಇರುವ ಖರ್ಚನ್ನೂ ಸೇರಿಸಿ ಬರೆಯಬೇಕು. ಆ ದಿನವೇ ಎರಡು ಪಿಜಿ ನೋಡಿ, ಬಾಡಿಗೆ, ಊಟ, ಮುಂಗಡ ಕೇಳಿಕೊಂಡು ಬಂದೆ. ಪುಟ್ಟಿಗೆ ಕಾಲೇಜು ಇಷ್ಟವಾಯಿತು. ರ‍್ಯಾಂಕು ಅಲ್ಲಿಗೆ ಸಾಕಾಗುವುದು ಕಷ್ಟ ಅಂತ ಅವಳಿಗೂ ಗೊತ್ತಿತ್ತು. ಆದರೂ ನೋಡಿ ಬಂದಿದ್ದು ಒಳ್ಳೆಯದಾಯಿತು.

ಹಾಸ್ಟೆಲ್ ನೋಡುವವರು ರೂಮಿಗಿಂತ ಮೊದಲು ಬಚ್ಚಲು ನೋಡಿ. ಬಕೆಟ್‌ಗಳು ಸಾಲಾಗಿ ನಲ್ಲಿಯ ಕೆಳಗೆ ಕಾಯುತ್ತಿದ್ದರೆ ನೀರು ಗಂಟೆ ಲೆಕ್ಕದಲ್ಲಿ ಬರುತ್ತದೆ ಅಂತ ಅರ್ಥ. ಮೆಸ್ಸಿನಲ್ಲಿ ದುಡ್ಡು ಕೊಟ್ಟು ಊಟ ಮಾಡಬಹುದಾ ಅಂತ ಕೇಳಿ. ಮೇಲಾಗಿ ಮೆಸ್ಸಿನ ಅಡುಗೆಯವರ ಹತ್ತಿರ ಎರಡು ಮಾತಾಡಿ, ಅವರಿಗೆ ಮಕ್ಕಳ ವಿಷಯ ವಾರ್ಡನ್‌ಗಿಂತ ಜಾಸ್ತಿ ಗೊತ್ತಿರುತ್ತದೆ. ಒಂದು ಕಡೆ ಅಡುಗೆಯಮ್ಮ, "ಯಾರಾದ್ರೂ ಎರಡು ದಿನ ಊಟಕ್ಕೆ ಬರ್ಲಿಲ್ಲ ಅಂದ್ರೆ ನಾನೇ ಮೇಲೆ ಹೋಗಿ ನೋಡ್ತೀನಿ" ಅಂದರು. ನನಗೆ ಆ ಹಾಸ್ಟೆಲಿನ ಮೇಲೆ ಅಲ್ಲೇ ನಂಬಿಕೆ ಬಂತು.

ಪ್ರತಿ ಸಲ ವಾಪಸ್ ಬರುವಾಗ ಒಂದು ನಿಯಮ ಇತ್ತು. ಪುಟ್ಟಿ ತನ್ನ ನೋಟ್‌ಬುಕ್ಕಿನಲ್ಲಿ ಬರೆದು ಮುಗಿಸುವವರೆಗೆ ನಾನು ಅಭಿಪ್ರಾಯ ಹೇಳಬಾರದು. ನಾನು ಹೇಳಿಬಿಟ್ಟರೆ ಅವಳದು ಮರೆಯಾಗುತ್ತದೆ. ಐದನೇ ಕಾಲೇಜು ಮುಗಿಯುವಾಗ ಮೊದಲನೆಯದರ ಬಣ್ಣ ಕೂಡ ನೆನಪಿರುವುದಿಲ್ಲ, ಬರೆದದ್ದು ಮಾತ್ರ ಉಳಿಯುತ್ತದೆ.

ಆ ಪುಸ್ತಕ ಜಾಸ್ತಿ ಕೆಲಸಕ್ಕೆ ಬಂದಿದ್ದು ಆಪ್ಷನ್ ಎಂಟ್ರಿಯ ರಾತ್ರಿ, ಅಂದರೆ ಬೇಕಾದ ಕಾಲೇಜು, ಬ್ರಾಂಚುಗಳ ಪಟ್ಟಿ ತುಂಬುವಾಗ. ಸೀಟು ಹಂಚುವಾಗ ನಮ್ಮ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ನೋಡುತ್ತಾ ಬರುತ್ತಾರೆ. ನಮ್ಮ ರ‍್ಯಾಂಕಿಗೆ ಯಾವುದು ಮೊದಲು ಸಿಗುತ್ತದೋ ಅಲ್ಲಿಗೆ ನಿಲ್ಲುತ್ತದೆ. ಅದಕ್ಕೇ ಸಿಗುತ್ತೋ ಇಲ್ಲವೋ ಅಂತ ಹೆದರಿ ಕೆಳಗೆ ಹಾಕಬಾರದು, ಬೇಕಾದ ಕ್ರಮದಲ್ಲೇ ಹಾಕಬೇಕು. ಕಾಲೇಜು ಕಣ್ಣಿಂದ ನೋಡಿರದಿದ್ದರೆ ಆ ಕ್ರಮ ಎಲ್ಲಿಂದ ಬರಬೇಕು? ನನಗೆ ಹಾಸನ ಮೇಲೆ ಬರಲಿ ಅಂತಿತ್ತು, ಮನೆಗೆ ಹತ್ತಿರ. ಅವಳು ಮೈಸೂರನ್ನು ಮೇಲೆ ಹಾಕಿದಳು. ಯಾಕೆ ಅಂತ ಕೇಳಿದಾಗ ಪುಸ್ತಕ ತೆಗೆದು ಎರಡೂ ಪುಟ ಎದುರಿಗೆ ಇಟ್ಟಳು. ಓದಿದೆ. ವಾದಿಸಲು ಏನೂ ಉಳಿಯಲಿಲ್ಲ. ಮಾಕ್ ಅಲಾಟ್‌ಮೆಂಟ್, ಅಂದರೆ ಸೀಟು ಹಂಚಿಕೆಯ ಅಣಕು ಪಟ್ಟಿ, ಬಂದ ಮೇಲೆ ಎರಡು ಕಡೆ ಮೇಲೆ ಕೆಳಗೆ ಮಾಡಿದಳು, ಅಷ್ಟೇ. ಅವಳ ಅಣ್ಣ ಬೆಂಗಳೂರಿನಿಂದ ವಿಡಿಯೋ ಕಾಲಿನಲ್ಲಿ ಪಟ್ಟಿ ಪೂರ್ತಿ ನೋಡಿ, "ಇದರಲ್ಲಿ ನೀನು ನೋಡದೆ ಇರೋದು ಎಷ್ಟಿದೆ?" ಅಂತ ಕೇಳಿದ. ಮೊದಲ ಐದು ನೋಡಿದ್ದೇ ಅಂದಳು. ಅವನು ತುಂಬ ಹೊತ್ತು ಏನೂ ಮಾತಾಡದೆ ತಲೆಯಾಡಿಸಿದ.

ಕೊನೆಗೆ ಯಾವ ಕಾಲೇಜಿಗೆ ಸೇರಿದಳು ಅಂತ ಬರೆಯಬೇಡ ಅಂದಿದ್ದಾಳೆ, ಬರೆಯುವುದಿಲ್ಲ. ನೋಡಿದ ಐದರಲ್ಲಿ ಒಂದು. ಎಲೆಕ್ಟ್ರಾನಿಕ್ಸೇ.

ಒಂದು ವಿಷಯ ಮಾತ್ರ ಇಬ್ಬರೂ ಕೇಳಲು ಮರೆತಿದ್ದೆವು. ನಾವು ಹೋಗಿದ್ದು ಸುಡುವ ಬೇಸಿಗೆಯಲ್ಲಿ. ಮಳೆಗಾಲದಲ್ಲಿ ಬಟ್ಟೆ ಎಲ್ಲಿ ಒಣಗಿಸುತ್ತೀರಿ ಅನ್ನುವುದು ತಲೆಗೇ ಬರಲಿಲ್ಲ. ಸೇರಿದ ಮೊದಲ ವಾರವೇ ಜಡಿಮಳೆ. ಫೋನ್ ಮಾಡಿದವಳು, "ಅಮ್ಮ, ಮೂರು ದಿನದಿಂದ ಚೂಡಿದಾರ್ ಒಣಗಿಲ್ಲ" ಅಂದಳು. ಶನಿವಾರ ನೈಲಾನ್ ಹಗ್ಗ, ಎರಡು ಡಜನ್ ಕ್ಲಿಪ್ಪು ತಗೊಂಡು ಹೋದೆ. ಕಿಟಕಿಯ ಸರಳಿಗೂ ಬಾಗಿಲ ಚಿಲಕಕ್ಕೂ ಅವಳು, ಅವಳ ರೂಮಿನ ಹುಡುಗಿ ಸೇರಿ ಕಟ್ಟಿದರು. ಬೀದಿಯ ಮೂರು ಮನೆಯವರಿಗೂ ಇದನ್ನು ಸೇರಿಸಿ ಹೇಳಿದ್ದೇನೆ.